ಯಾರದ್ದೂ ಅಲ್ಲದ ಬೀಗ

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಠಾಣೆಗೆ ಬಂದ ದೂರು ಒಂದು, ದೂರುದಾರರು ಇಬ್ಬರು. ಒಬ್ಬರು ದೂರದಿಂದ ದೊಡ್ಡ ತಂತಿಗಳಲ್ಲಿ ಕರೆಂಟು ತರುವ ಗ್ರಿಡ್ ಕಂಪನಿಯ ಮ್ಯಾನೇಜರು. ಇನ್ನೊಬ್ಬರು ಅದೇ ಕರೆಂಟನ್ನು ಮನೆಮನೆಗೆ ಹಂಚುವ ವಿತರಣಾ ಕಂಪನಿಯ ಮ್ಯಾನೇಜರು. ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಗ್ರಿಡ್ ಕಂಪನಿಯ ಶಿಫ್ಟ್ ಇಂಜಿನಿಯರ್ ತಲೆ ಒಡೆದು ಸತ್ತು ಬಿದ್ದಿದ್ದಾನೆ ಎಂದು ಹೇಳಿ ಮುಗಿಸುವ ಮೊದಲೇ ಇಬ್ಬರೂ ಕಿತ್ತಾಡತೊಡಗಿದರು.

"ಹೆಣ ಬೇಲಿಯಿಂದ ಆಚೆ ಇದೆ ಮೇಡಮ್. ಆ ಜಾಗ ಇವರದ್ದು," ಎಂದರು ಗ್ರಿಡ್ಡಿನವರು.

"ಸತ್ತಿರೋದು ಇವರ ಮನುಷ್ಯ. ಬೇಲೀನೂ ಇವರೇ ಹಾಕಿಸಿದ್ದು," ಎಂದರು ವಿತರಣೆಯವರು.

ಇನ್ಸ್‌ಪೆಕ್ಟರ್ ಮೇಡಮ್ ಇನ್ನೂ ಕಾಫಿ ಕುಡಿದಿರಲಿಲ್ಲ. ಬೆಳಗಿನಿಂದ ಕರೆಂಟಿಲ್ಲದೆ ಠಾಣೆಯ ಫ್ಯಾನು ನಿಂತಿತ್ತು, ನಲ್ಲಿ ಒಣಗಿತ್ತು.

"ಹೆಣ ಯಾರ ಕಡೆ ಬಿದ್ದಿದ್ರೂ ಕೊಲೆ ನನ್ನ ಕಡೆ. ಕೂತು ದೂರು ಬರ್ಕೊಡಿ," ಎಂದರು.

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ಲನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು. ಕುತ್ತಿಗೆ ಯಾವುದು, ಹೆಗಲು ಯಾವುದು ಎಂದು ತಿಳಿಯದ ಆ ಮನುಷ್ಯನನ್ನು ಠಾಣೆಯವರೆಲ್ಲ ಗೂಳಿ ಎನ್ನುತ್ತಿದ್ದರು.

ಸಬ್‌ಸ್ಟೇಷನ್ನಿನ ಗೇಟಿನಲ್ಲಿ ಆಗಲೇ ಇನ್ನೊಂದು ಕೊಲೆ ನಡೆಯುವುದರಲ್ಲಿತ್ತು. ಗ್ರಿಡ್ ಕಂಪನಿಯ ನಾಲ್ಕೈದು ಜನ ಸೇರಿ ಮುದುಕ ವಾಚ್‌ಮನ್‌ನನ್ನು ನೆಲಕ್ಕೆ ಕೆಡವಿ ಬೂಟುಗಾಲಿನಿಂದ ತುಳಿಯುತ್ತಿದ್ದರು. ಮುದುಕನ ಅಂಗಿಯ ತುಂಬ ರಕ್ತ. ಗೂಳಿ ಇಬ್ಬರ ಕಾಲರ್ ಹಿಡಿದು ಅತ್ತ ಎಸೆದ. ಮುದುಕ ಎದ್ದು ಕೂತು, ಮುರಿದ ಎರಡು ಹಲ್ಲನ್ನು ಅಂಗೈಗೆ ಉಗುಳಿಕೊಂಡ.

"ರಕ್ತ ಎಲ್ಲಿಂದ ಬಂತು ತಾತ?" ಮೇಡಮ್ ಕೇಳಿದರು.

"ಎತ್ತಿ ಕೂರಿಸ್ದೆ ಕಣವ್ವ. ಇನ್ನೂ ಉಸಿರಿತ್ತು. ನನ್ನ ತೋಳಲ್ಲೇ ಹೋದ."

"ಯಾರನ್ನಾದ್ರೂ ನೋಡಿದ್ಯಾ?"

"ಹಿಂದಿನ ಗೋಡೆ ಹಾರೋ ಸದ್ದು ಕೇಳ್ತು, ಅಷ್ಟೇ."

ಗೂಳಿ ಮೇಡಮ್ಮಿನ ಕಿವಿಯಲ್ಲಿ, "ಹೋದ ವಾರ ಇವನು ನಿದ್ದೆ ಮಾಡ್ತಾನೆ ಅಂತ ಇಂಜಿನಿಯರ್ ಇವನ ಕೆನ್ನೆಗೆ ಹೊಡೆದಿದ್ನಂತೆ. ಇವನೇ ಮೇಡಮ್, ಬೇರೆ ಯಾರೂ ಅಲ್ಲ," ಎಂದ.

ಅಂಗಳವನ್ನು ತಂತಿಬೇಲಿ ಎರಡು ಮಾಡಿತ್ತು. ಆಚೆ ಗ್ರಿಡ್ಡಿನ ಕಂಬಗಳು, ಈಚೆ ಊರಿಗೆ ಹೊರಡುವ ಲೈನು. ಹೆಣ ಈಚೆಯ ಜಲ್ಲಿಯ ಮೇಲೆ, ಊರಿನ ತಂತಿಗಳ ನೇರ ಕೆಳಗೆ ಬಿದ್ದಿತ್ತು. ತಲೆಯ ಎಡಭಾಗ ಕುಸಿದು ಒಳಗೆ ಹೋಗಿತ್ತು. ತಡೆಯಲು ಹೋದ ಎರಡೂ ಮುಂಗೈ ಮುರಿದಿದ್ದವು. ಬಿದ್ದ ಮೇಲೂ ಹೊಡೆದಿದ್ದರು. ದವಡೆ ತನ್ನ ಜಾಗದಲ್ಲಿರಲಿಲ್ಲ. ಪಕ್ಕದಲ್ಲಿ ಕೂದಲು ಅಂಟಿದ ಕಬ್ಬಿಣದ ರಾಡು. ಎಂತೆಂಥ ಹೆಣ ನೋಡಿದ ಗೂಳಿಯೂ ಒಂದು ಗಳಿಗೆ ಮುಖ ತಿರುಗಿಸಿಕೊಂಡ. ಪಂಚರನ್ನು ಕರೆಸಿ ಪಂಚನಾಮೆ ಬರೆಸಿದರು.

ಬರೆಸುವಾಗ ಮೇಡಮ್ ಕಣ್ಣಿಗೆ ಇನ್ನೆರಡು ಸಂಗತಿ ಬಿದ್ದವು. ಊರಿನ ಲೈನಿನ ಸ್ವಿಚ್ಚನ್ನು ಕೈಯಿಂದ ಕೆಳಗೆಳೆದು, ಅದರ ಹಿಡಿಗೆ ಕೆಂಪು ಬೀಗ ಜಡಿಯಲಾಗಿತ್ತು. ಮತ್ತೆ, ತಂತಿಗೆ ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕಿಳಿಯಲಿ ಎಂದು ಸಿಕ್ಕಿಸುವ ಅರ್ಥಿಂಗ್ ಸರಪಳಿ ಊರಿನ ತಂತಿಗೆ ಸಿಕ್ಕಿಸಿದಂತೆಯೇ ನೇತಾಡುತ್ತಿತ್ತು.

"ಬೀಗ ಯಾರದ್ದು?"

"ವಿತರಣೆಯವರದ್ದು," ಎಂದರು ಗ್ರಿಡ್ ಮ್ಯಾನೇಜರು.

"ಗ್ರಿಡ್‌ನೋರದ್ದೇ ಇರ್ಬೇಕು," ಎಂದರು ವಿತರಣೆಯವರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ, ಇವರಿಬ್ಬರ ನಡುವೆ ಅರ್ಧ ಊರು ಬೆಳಗಿನಿಂದ ಕರೆಂಟಿಲ್ಲದೆ ಕೂತಿತ್ತು. ಬೀಗ ಎದುರವರದ್ದು ಎಂದು ಇಬ್ಬರೂ ನಂಬಿದ್ದರಿಂದ, ಅದನ್ನು ಯಾರೂ ಕಣ್ಣು ಬಿಟ್ಟು ನೋಡಿರಲಿಲ್ಲ.

ಮಧ್ಯಾಹ್ನ ಮೇಲಧಿಕಾರಿಯ ಫೋನು ಬಂತು. ವಾಚ್‌ಮನ್‌ನನ್ನು ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಿ, ಕೇಸು ಮುಗಿಸಿ. ಮೇಡಮ್ ಲಾಕಪ್ಪಿನ ಕಡೆ ನೋಡಿದರು. ಸಂಶಯದ ಮೇಲೆ ಕರೆತಂದು ಕೂರಿಸಿದ್ದ ಮುದುಕ ಗೋಡೆಗೆ ಒರಗಿ, ಊದಿದ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ಅವನು ಜೈಲಿಗೆ ಹೋಗುತ್ತಾನೆ, ಅಲ್ಲೇ ಸಾಯುತ್ತಾನೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಮೈಯೆಲ್ಲ ಉರಿಯಿತು.

ವಿತರಣೆಯ ಮ್ಯಾನೇಜರನ್ನು ಮತ್ತೆ ಕರೆಸಿದರು.

"ನಿಮ್ಮ ಲೈನ್‌ಮನ್‌ಗಳು ಬೀಗ ಹಾಕ್ತಾರಾ?"

"ಪ್ರತಿಯೊಬ್ಬನಿಗೂ ಅವನದೇ ಬೀಗ, ಕೀಲಿ ಇರುತ್ತೆ, ನೋಡೋಕೆ ಎಲ್ಲಾ ಒಂದೇ ಥರ. ಕಂಬ ಹತ್ತೋ ಮುಂಚೆ ಸ್ವಿಚ್ಚಿಗೆ ಹಾಕ್ತಾನೆ. ಇಳಿದ ಮೇಲೆ ಅವನೇ ತೆಗೀಬೇಕು. ಬೇರೆಯವರು ಮುಟ್ಟೋ ಹಾಗಿಲ್ಲ."

"ಅಂದ್ರೆ ಬೀಗ ಬಿದ್ದಿದೆ ಅಂದ್ರೆ?"

"ತಂತಿ ಮೇಲೆ ಯಾರೋ ಇದ್ದಾನೆ ಅಂತ ಅರ್ಥ."

"ಈಗ ಯಾರಿದ್ದಾರೆ ಮೇಲೆ?"

ಮ್ಯಾನೇಜರು ಫೋನು ಮಾಡಿ ವಿಚಾರಿಸಿದರು, ಬೆಳಗಿನಿಂದ ಯಾರೂ ಹತ್ತಿರಲಿಲ್ಲ.

ಮೂರು ಗಂಟೆಗೆ ಆ ಲೈನಿನ ಗ್ಯಾಂಗನ್ನು ಅಂಗಳದಲ್ಲಿ ನಿಲ್ಲಿಸಿದರು. ಆರು ಜನ ಲೈನ್‌ಮನ್‌ಗಳು, ಅವರ ಮೇಸ್ತ್ರಿ ಒಬ್ಬ. ಐವತ್ತರ ಆಸುಪಾಸಿನ ಮೇಸ್ತ್ರಿ ಕಡಿಮೆ ಮಾತಿನವನು. ಹೋದ ವರ್ಷ ಅವನ ತಮ್ಮ ಇದೇ ಲೈನಿನಲ್ಲಿ ಕರೆಂಟು ಹೊಡೆದು ಸತ್ತಿದ್ದ. ಹೆಣವನ್ನು ಸಾಗಿಸಿಯಾಗಿತ್ತು, ಜಲ್ಲಿಯ ಮೇಲೆ ಕಲೆ ಮಾತ್ರ ಉಳಿದಿತ್ತು.

"ಊರಿಗೆ ಕರೆಂಟು ಬೇಕು. ಬೀಗ ಯಾರದ್ದೂ ಅಲ್ವಂತೆ. ಒಡೀರಿ," ಎಂದರು ಮೇಡಮ್. ಗೂಳಿ ಸುತ್ತಿಗೆ ಎತ್ತಿದ.

ಆರೂ ತಲೆಗಳು ಒಟ್ಟಿಗೆ ಮೇಲೆದ್ದವು. ಬೀಗ ಬಿದ್ದ ಲೈನಿನ ಮೇಲೆ ಯಾರಿದ್ದಾನೆ ಎಂದು ಆರು ಜನರ ಕಣ್ಣುಗಳು ಕಂಬದಿಂದ ಕಂಬಕ್ಕೆ ಓಡಿದವು. ಒಬ್ಬನಂತೂ ಮುಂದೆ ಹಾರಿ ಗೂಳಿಯ ತೋಳು ಹಿಡಿದೇಬಿಟ್ಟ. ಅವರಿಗದು ಉಸಿರಾಟದಷ್ಟೇ ಅಭ್ಯಾಸ. ಮೇಸ್ತ್ರಿಯೊಬ್ಬ ಮಾತ್ರ ಮೇಲೆ ನೋಡಲಿಲ್ಲ. ಅವನ ಕಣ್ಣು ಜಲ್ಲಿಯ ಮೇಲಿನ ಕಲೆಯಲ್ಲಿತ್ತು. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನೇ ಸಿಕ್ಕಿಬೀಳುವುದು ಲೋಕದ ರೂಢಿ. ಇಲ್ಲಿ ನೋಡದವನು ಸಿಕ್ಕಿಬಿದ್ದ.

"ಮೇಲೆ ಯಾರೂ ಇಲ್ಲ ಅಂತ ನಿನಗೆ ಹೆಂಗೆ ಗೊತ್ತು ಮೇಸ್ತ್ರಿ?"

ಮೇಸ್ತ್ರಿ ಸೊಂಟದ ದೊಡ್ಡ ಸ್ಪಾನರ್ ಎಳೆದು ಬೀಸಿದ. ಅಡ್ಡ ಬಂದ ಗೂಳಿಯ ಮುಂಗೈ ಕಟ್ಟಿಗೆಯಂತೆ ಲಟಕ್ಕೆಂದಿತು. ಎರಡನೇ ಏಟು ಮೇಡಮ್ಮಿನ ಹೆಗಲಿಗೆ ಬಿತ್ತು. ಕಣ್ಣಿಗೆ ಕತ್ತಲು ಕವಿದರೂ ಅವರು ಬೀಳಲಿಲ್ಲ. ಲಾಠಿಯಿಂದ ಅವನ ಮೊಣಕಾಲಿಗೆ ಸರಿಯಾಗಿ ಬಾರಿಸಿದರು. ಅವನು ಕುಸಿದ, ಕುಸಿದವನೇ ಮತ್ತೆ ಎದ್ದು ಬೀಸಿದ. ಒಬ್ಬ ಲೈನ್‌ಮನ್‌ನ ಹುಬ್ಬು ಸೀಳಿ ರಕ್ತ ಮುಖಕ್ಕೆ ಇಳಿಯಿತು. ಕೊನೆಗೆ ಅವನದೇ ಗ್ಯಾಂಗಿನವರು ಮೈಮೇಲೆ ಬಿದ್ದು, ಅಳುತ್ತಳುತ್ತಲೇ ಅವನ ಕೈ ಹಿಂದಕ್ಕೆ ತಿರುಚಿದರು. ಜೇಬಿನಲ್ಲಿ ಸಿಕ್ಕ ಕೀಲಿಕೈ ಪಂಚರ ಎದುರಿಗೆ ಕೆಂಪು ಬೀಗವನ್ನು ತೆರೆಯಿತು.

ವಾಚ್‌ಮನ್‌ನನ್ನು ಬಿಟ್ಟು ಆಸ್ಪತ್ರೆಗೆ ಕಳಿಸಿದರು. ಅವನನ್ನು ತುಳಿದವರ ಮೇಲೆ ಬೇರೆ ಎಫ್‌ಐಆರ್ ಆಯಿತು. ಗೂಳಿಯ ಕೈಗೆ ಕಟ್ಟು ಬಿದ್ದಿದ್ದರಿಂದ ಮೇಸ್ತ್ರಿಯ ಹೇಳಿಕೆಯನ್ನು ಮೇಡಮ್ಮೇ ಬರೆದುಕೊಂಡರು.

"ತಮ್ಮ ಹೆಂಗೆ ಸತ್ತ?"

"ಲೈನ್ ಬಂದ್ ಮಾಡೋದು ಗ್ರಿಡ್‌ನೋರ ಕೆಲಸ. ಆಮೇಲೆ ಬೀಗ ಹಾಕಿ ಅರ್ಥಿಂಗ್ ಕೊಡೋದು ನಮ್ಮದು. ಅರ್ಧ ಅವರು, ಅರ್ಧ ನಾವು. ಈ ಇಂಜಿನಿಯರ್ ಫೋನಲ್ಲಿ ಬಂದ್ ಆಯ್ತು ಅಂದ. ಆಗಿರ್ಲಿಲ್ಲ. ನಾನು ಅವಸರ ಮಾಡ್ದೆ. ಬೀಗ ಹಾಕಿಸ್ಲಿಲ್ಲ, ಅರ್ಥಿಂಗ್ ಕೊಡಿಸ್ಲಿಲ್ಲ, ಹತ್ತು ಅಂದೆ. ಹತ್ತಿದ. ಕಂಬದ ಮೇಲೇ ಸುಟ್ಟುಹೋದ."

"ಇಲಾಖೆ ತನಿಖೆ?"

"ಅವನು ಅರ್ಥಿಂಗ್ ನಮ್ಮದಲ್ಲ ಅಂದ. ನಾನು ಬಂದ್ ಮಾಡೋದು ನಮ್ಮದಲ್ಲ ಅಂದೆ. ಎರಡೂ ನಿಜಾನೇ. ಸಮನ್ವಯದ ಕೊರತೆ ಅಂತ ಬರೆದು ಮುಚ್ಚಿದ್ರು. ನಮ್ಮಮ್ಮ ದಿನಾ ಕೇಳ್ತಾಳೆ, ಕೊರತೆ ಅಂದ್ರೆ ಯಾರಪ್ಪಾ, ಅಂತ."

"ಇವತ್ತು?"

"ಇಂಜಿನಿಯರ್‌ನ ಬೇಲಿ ಈಚೆ ಕರ್ಕೊಂಡು ಬಂದು ಅವನ ಕಣ್ಣೆದುರಿಗೇ ಮಾಡಿ ತೋರಿಸ್ದೆ. ಸ್ವಿಚ್ಚು, ಬೀಗ, ಅರ್ಥಿಂಗು. ಇಷ್ಟೇ ಕೆಲಸ, ಇಬ್ರೂ ಮಾಡ್ಲಿಲ್ಲ. ನನ್ನರ್ಧ ನಾನು ಅಮ್ಮನ ಮುಂದೆ ಒಪ್ಕೋತೀನಿ, ನಿನ್ನರ್ಧ ನೀನು ಬಂದು ಒಪ್ಕೋ ಅಂದೆ. ನಕ್ಕು ಬೆನ್ನು ತಟ್ಟಿದ. ಇಬ್ರೂ ಬಚಾವಾಗಿದ್ದೀವಲ್ಲ, ಯಾಕೆ ಕೆದಕ್ತೀಯ ಅಂದ. ಸ್ವಿಚ್ಚು ಎಳೆದ ರಾಡು ಕೈಲೇ ಇತ್ತು."

"ಬೀಗ ಯಾಕೆ ಬಿಟ್ಟು ಹೋದೆ?"

ಅವನು ಅವರನ್ನು ಏನೂ ತಿಳಿಯದವರನ್ನು ನೋಡುವಂತೆ ನೋಡಿದ. "ತಂತಿ ಕೆಳಗೆ ಮನುಷ್ಯ ಬಿದ್ದಿದ್ದ ಮೇಡಮ್. ಬೀಗ ಹೆಂಗೆ ತೆಗೀಲಿ?"

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು, ಅದು ಕಾನೂನು. ಕಾನ್‌ಸ್ಟೆಬಲ್ಲನ್ನು ಕಳಿಸಬಹುದಿತ್ತು, ಸಂಜೆ ಮೇಡಮ್ ತಾವೇ ಹೋದರು. ಎರಡು ಕೋಣೆಯ ಮನೆ. ಮೇಸ್ತ್ರಿಯ ತಾಯಿ ಬಾಗಿಲಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. ಕೊಲೆಯ ಮಾತಿಗೆ ಸೆರಗು ಬಾಯಿಗಿಟ್ಟುಕೊಂಡಳು. ತಮ್ಮನ ಸಾವಿನಲ್ಲಿ ಅರ್ಧ ತಪ್ಪು ತನ್ನದು ಎಂದು ಮಗ ಹೇಳಿದ್ದಕ್ಕೆ ಸೆರಗು ತೆಗೆದಳು.

"ಹಂಗಂದ್ನಾ? ಬಾಯಿಬಿಟ್ಟು ಹೇಳಿದ್ನಾ?"

"ಹೂಂ ಅಮ್ಮ. ಬರ್ಕೊಂಡಿದ್ದೀನಿ."

"ತಮ್ಮನ್ನ ಅವನೇ ಕಂಬ ಹತ್ತಿಸಿದ್ದು ಅಂತ ನಂಗೆ ಮಣ್ಣು ಮಾಡಿದ ದಿನವೇ ಗ್ಯಾಂಗಿನ ಹುಡುಗ್ರು ಹೇಳಿದ್ರು ಕಣವ್ವ. ಅವನ ಬಾಯಿಂದಲೇ ಬರ್ಲಿ ಅಂತ ದಿನಾ ಕೇಳ್ತಿದ್ದೆ. ಬಂದಿದ್ರೆ ತಲೆ ಸವರಿ ಅನ್ನ ಬಡಿಸ್ತಿದ್ದೆ, ಇನ್ನೇನು ಮಾಡ್ತಿದ್ದೆ? ಉಳಿದಿದ್ದೋನು ಅವನೊಬ್ಬ."

ಮೇಡಮ್ ಕಾಗದ, ಪೆನ್ನು ಹೊರತೆಗೆದರು. ಹೆಗಲು ನೋಯುತ್ತಿತ್ತು. ಮುದುಕಿ ಕಣ್ಣೊರೆಸಿಕೊಂಡು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು.