ಒಂದು ಮೀಟರ್ ಹೆಚ್ಚಿನ ಆಳ

"ಕೋಲು ಹಿಡಿಯೋಕೆ ತಲೆ ಬೇಡ ಅಂತಲೇ ನಿನ್ನ ಇಟ್ಕೊಂಡಿದ್ದು. ಅದೂ ಆಗಲ್ಲ ಅಂದ್ರೆ ಹೇಳು, ಕೋಲನ್ನ ನೆಲಕ್ಕೆ ನೆಟ್ಟು ಅದಕ್ಕೇ ಸಂಬಳ ಕೊಡ್ತೀನಿ."

ಸರ್ವೆ ಆಫೀಸಿನ ಯಜಮಾನ ಇದನ್ನು ಎಲ್ಲರೆದುರಿಗೇ ಹೇಳಿದ. ನಕ್ಷೆ ಬರೆಯುವವರು ಕಿಸಕ್ಕನೆ ನಕ್ಕರು. ಬೈಸಿಕೊಂಡವನು ಆರಡಿ ದಾಟಿದ್ದ, ಅವನನ್ನು ಎಲ್ಲರೂ ಉದ್ದ ಎಂದೇ ಕರೆಯುತ್ತಿದ್ದರು. ಆ ಹೊತ್ತು ಮಾತ್ರ ಉದ್ದನಿಗೆ ತಾನು ಮೇಜಿನ ಕಾಲಿಗಿಂತ ಗಿಡ್ಡನಾದಂತೆನಿಸಿತು.

ನಿನ್ನೆ ಅವನು ಅಳೆದ ರಸ್ತೆ ನಕ್ಷೆಯಲ್ಲಿ ಇದ್ದುದಕ್ಕಿಂತ ಒಂದು ಮೀಟರ್ ಎತ್ತರ ಬಂದಿತ್ತು. ಬೇಲಿ ಅಡ್ಡ ಬಂದ ಕಡೆ ಅಳತೆಯ ಕೋಲನ್ನು ಒಂದು ಮೀಟರ್ ಎಳೆದು ಉದ್ದ ಮಾಡಿಕೊಳ್ಳಬೇಕು, ಆ ಹೊಸ ಎತ್ತರವನ್ನು ಫೋನಿನಲ್ಲಿ ಹಾಕಬೇಕು. ಹಾಕದಿದ್ದರೆ ನೆಲವೇ ಅಷ್ಟು ಎತ್ತರ ಎಂದು ಲೆಕ್ಕ ಬರುತ್ತದೆ. ಹಾಕಲು ಮರೆತಿದ್ದೀಯ ಎಂಬುದು ಯಜಮಾನನ ವಾದ. ಆದರೆ ಅವನು ಹಾಕಿದ್ದ. ಅವನ ಬೆರಳಿಗೆ ಅದರ ನೆನಪಿತ್ತು.

ಅವನು ಮೂಲೆಯ ಮೇಜಿನಲ್ಲಿ ಕೂತಿದ್ದ ಹುಡುಗಿಯ ಕಡೆ ನೋಡಿದ. ಯಜಮಾನನ ತಂಗಿ ಅವಳು. ಒತ್ತುವ ಗುಂಡಿಗಳಿದ್ದ ಹಳೆಯ ಅಳತೆ ಯಂತ್ರದ ಪ್ರೋಗ್ರಾಮನ್ನು ಈ ಹೊಸ ಫೋನಿಗೆ ತಂದವಳೂ ಅವಳೇ. ಪ್ರೋಗ್ರಾಮನ್ನೂ ನೋಡೋಣ ಎಂದು ಅವಳು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ತಲೆ ತಗ್ಗಿಸಿ ಉಗುರು ನೋಡಿಕೊಂಡಳು.

ಹೊಸ ಫೋನು ಬಂದ ದಿನ ಇದೇ ಉಗುರುಗಳು ಅವನ ಬೆರಳನ್ನು ಅದರ ಗಾಜಿನ ಮೇಲಿಂದ ಮೆಲ್ಲಗೆ ಎತ್ತಿದ್ದವು. ಹಳೆಯ ಗುಂಡಿ ಒತ್ತಿದ ರೂಢಿಯಲ್ಲಿ ಅವನು ಫೋನನ್ನು ಗುದ್ದುತ್ತಿದ್ದ. "ಗುದ್ದಬೇಡ್ವೋ ಮಾರಾಯ, ಮುಟ್ಟಿದ್ರೆ ಸಾಕು," ಎಂದವಳು, ತಾನೇನು ಹೇಳಿದೆ ಎಂದು ಹೊಳೆದು ಕಿವಿಯವರೆಗೂ ಕೆಂಪಾಗಿದ್ದಳು. ಅಂದಿನಿಂದ ಅವನು ಅಳತೆಗೆ ಹೊರಗೆ ಹೋದಾಗಲೆಲ್ಲ ಅದೇ ಫೋನಿಗೆ ಅವಳ ಕರೆ ಬರುತ್ತಿತ್ತು. ಊಟ ಆಯ್ತಾ ಎನ್ನುವಳು, ಉತ್ತರ ಬರುವ ಮೊದಲೇ ಇಡುವಳು.

ಉದ್ದ ಸಾಮಾನಿನ ಕೋಣೆಗೆ ಹೋಗಿ ಕೋಲಿನ ಮಣ್ಣು ಒರೆಸುತ್ತ ಕೂತ. ಅವಳು ಒಳಗೆ ಬಂದಳು. ಕೈಯಲ್ಲಿ ಅದೇ ಫೋನಿತ್ತು.

"ತಪ್ಪು ನಿಂದಲ್ಲ. ಈಗ ಹಾಕಿ ನೋಡ್ದೆ. ಕರೆ ಬಂದ್ರೆ ಪ್ರೋಗ್ರಾಮ್ ಪರದೆಯಿಂದ ಹಿಂದಕ್ಕೆ ಸರಿಯತ್ತೆ. ವಾಪಸ್ ಬಂದಾಗ ನೀನು ಹಾಕಿದ ಎತ್ತರ ಇರಲ್ಲ, ಮಾಮೂಲಿ ಎತ್ತರ ಬಂದು ಕೂತಿರತ್ತೆ."

ಇದನ್ನೇಕೆ ಮೊದಲೇ ನೋಡಲಿಲ್ಲ ಎಂದು ಅವನು ಕೇಳಿದ. ಮೇಜಿನ ಮುಂದೆ ಕೂತು ಎಲ್ಲವನ್ನೂ ಪರೀಕ್ಷಿಸಿದ್ದೆ ಎಂದಳು. ಅಲ್ಲಿ ಅವಳಿಗೆ ಯಾರೂ ಕರೆ ಮಾಡುತ್ತಿರಲಿಲ್ಲ. ಮಾಡಬೇಕಾದವನಿಗೆ ಧೈರ್ಯವಿರಲಿಲ್ಲ.

"ಮತ್ತೆ ಅಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ?"

"ಅನುಮಾನ ಇತ್ತು. ಯಾರ ಕರೆ ಅಂತ ಅಣ್ಣ ಕೇಳಿದ್ರೆ? ಹೆದರಿಕೆ ಆಯ್ತು."

ಅವನು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಇನ್ನೊಂದು ನೆನಪು ಬಂತು. ನಿನ್ನೆ ಅವಳು ಮಧ್ಯಾಹ್ನದ ಮೇಲೆ ಮತ್ತೊಮ್ಮೆ ಕರೆ ಮಾಡಿದ್ದಳು. ಆಗ ಅವನು ಗೋದಾಮಿನ ಗೋಡೆಯ ಬುಡದಲ್ಲಿದ್ದ, ಕೊಳವೆ ಹಾಕುವ ಹಳ್ಳಕ್ಕೆ ನೆಲ ಅಳೆಯುತ್ತಿದ್ದ. ಅಲ್ಲಿಯೂ ಬೇಲಿ, ಅಲ್ಲಿಯೂ ಕೋಲು ಉದ್ದ. ಕೊಳವೆಯ ಮಟ್ಟ ಮುಟ್ಟಲು ಎಷ್ಟು ಅಗೆಯಬೇಕೆಂದು ಆ ಅಳತೆಯಿಂದಲೇ ಗುರುತು ಹಾಕಿದ್ದ. ನೆಲ ಒಂದು ಮೀಟರ್ ಎತ್ತರ ಎಂದು ಫೋನು ಸುಳ್ಳು ಹೇಳಿದ್ದರೆ, ಹಳ್ಳ ಒಂದು ಮೀಟರ್ ಹೆಚ್ಚು ಆಳ ಹೋಗುತ್ತದೆ. ಗೋಡೆಯ ಅಡಿಪಾಯಕ್ಕಿಂತ ಕೆಳಗೆ.

"ಇವತ್ತು ಅಗೀತಿದ್ದಾರೆ," ಎಂದ. ಕೋಲನ್ನು ಅಲ್ಲೇ ಬಿಟ್ಟು ಎದ್ದ.

ಇಬ್ಬರೂ ಗೋದಾಮಿನತ್ತ ಓಡಿದರು. ಅವಳು ಓಡುತ್ತಲೇ ಅಣ್ಣನಿಗೆ ಫೋನು ಹಚ್ಚಿ ಅಲ್ಲಿಗೆ ಬಾ ಎಂದಳು.

ಹಳ್ಳದೊಳಗೆ ಮೂವರಿದ್ದರು. ಅವರ ಭುಜದ ಪಕ್ಕದಲ್ಲೇ ಗೋಡೆಯ ಅಡಿಗಲ್ಲು ಬಯಲಾಗಿ, ಕೆಳಗಿನಿಂದ ಮಣ್ಣು ಸಣ್ಣಗೆ ಸುರಿಯುತ್ತಿತ್ತು. ಮೇಲೆ ಬನ್ನಿ ಎಂದು ಉದ್ದ ಕೂಗಿದ.

"ಆಳ ಗುರುತು ಹಾಕಿದವನು ನೀನೇ ಅಲ್ವೇನೋ? ಈಗ ಕನಸು ಬಿತ್ತಾ?" ಎಂದು ಹಿರಿಯ ಕೂಲಿಯವನು ನಕ್ಕ.

ಉದ್ದ ಪಕ್ಕದಲ್ಲಿ ಬಿದ್ದಿದ್ದ ಏಣಿಯನ್ನು ಇಳಿಬಿಟ್ಟ. ಅವನ ಮುಖ ಕಂಡು ಅವರ ನಗೆ ನಿಂತಿತು. ಇಬ್ಬರು ಹತ್ತಿದರು. ಹಿರಿಯವನ ಕಾಲು ಕೆಸರಿನಲ್ಲಿ ಹೂತಿತ್ತು. ಉದ್ದ ಹೊಟ್ಟೆಯ ಮೇಲೆ ಮಲಗಿ ಅವನ ಎರಡೂ ಕೈ ಹಿಡಿದ. ಅವಳು ಉದ್ದನ ಕಾಲು ಹಿಡಿದು ಕೂತಳು. ಚಪ್ಪಲಿ ಅಲ್ಲೇ ಉಳಿಯಿತು, ಮನುಷ್ಯ ಮೇಲೆ ಬಂದ.

ಅವರು ನಾಲ್ಕು ಹೆಜ್ಜೆ ದೂರ ಹೋಗಿದ್ದರೋ ಇಲ್ಲವೋ, ಗೋಡೆ ಯಾರೋ ಕರೆದಂತೆ ಬಾಗಿ ಹಳ್ಳದೊಳಗೆ ಕೂತಿತು.

ಧೂಳು ಇಳಿಯುವ ಹೊತ್ತಿಗೆ ಯಜಮಾನ ಬಂದ. ಬಂದವನೇ ಉದ್ದನ ಕಾಲರ್ ಹಿಡಿದ. ಮೂರು ಹೆಣ ಹಾಕ್ತಿದ್ದೆಯಲ್ಲೋ ಎಂದ.

"ಕಾಲರ್ ಬಿಡಣ್ಣ," ಎಂದಳು ಅವಳು. "ನನ್ನ ಪ್ರೋಗ್ರಾಮ್ ತಪ್ಪು. ಅವನು ಅಳೀತಿರುವಾಗ ಕರೆ ಮಾಡ್ತಿದ್ದವಳೂ ನಾನೇ. ದಿನಾ ಮಾಡ್ತೀನಿ. ಅವನ ದನಿ ಕೇಳದೆ ನನಗೆ ಅನ್ನ ಇಳಿಯಲ್ಲ."

ಕೂಲಿಯವರು ಮಣ್ಣು ಕೊಡವುವುದನ್ನು ನಿಲ್ಲಿಸಿದರು. ಯಜಮಾನನ ಹಿಡಿತ ಸಡಿಲವಾಯಿತು. ಇವಳನ್ನ ನೀನೂ ಇಷ್ಟಪಡ್ತೀಯಾ ಎಂದು ಕೇಳಿದ. ಅವನ ದನಿಯಲ್ಲಿ ಈಗ ಸಿಟ್ಟಿಗಿಂತ ಹೆಚ್ಚಾಗಿ ಅಂಜಿಕೆಯಿತ್ತು.

ಈ ಪ್ರಶ್ನೆಗೆ ಉದ್ದ ಎಷ್ಟೋ ಕಾಲದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ. ಅವಳ ಕೆನ್ನೆಗೆ ಕೆಸರು ಹತ್ತಿತ್ತು. ಒರೆಸಬೇಕೆಂದು ಕೈ ತಾನಾಗಿ ಎದ್ದಿತು. ಆದರೆ ಬೆಳಿಗ್ಗೆ ಎಲ್ಲರೆದುರು ಅವಳು ಆಡದೆ ಹೋದ ಆ ಒಂದು ಮಾತು ಇನ್ನೂ ಚುಚ್ಚುತ್ತಿತ್ತು. ಹಿರಿಯವನ ಬೆರಳುಗಳ ಗುರುತು ಅವನ ಮಣಿಕಟ್ಟಿನ ಮೇಲೆ ಬಿಸಿಯಾಗಿತ್ತು. ಬಾಯಿ ತೆರೆದರೆ ಅಳು ಬರುತ್ತದೋ, ಬೈಗುಳ ಬರುತ್ತದೋ, ಹೂಂ ಎಂದುಬಿಡುತ್ತೇನೋ ಎಂದು ಅವನಿಗೆ ಭಯವಾಯಿತು.

ಅವನು ಕೈ ಇಳಿಸಿದ. ಅವಳನ್ನು ದಾಟಿ ರಸ್ತೆಗುಂಟ ನಡೆದುಹೋದ.