ಭಯಬೋಧಕ

ಸಾರಿನ ಹಂಡೆಗೆ ಸೌಟು ಇಳಿಸುವಷ್ಟರಲ್ಲಿ ಇಂದುಮತಿಯ ಎದೆ ಧಸಕ್ಕೆಂದಿತು. ಛತ್ರದ ಅಡುಗೆಮನೆಯಲ್ಲಿ ಏನೂ ಆಗಿರಲಿಲ್ಲ. ಆದರೆ ಪಕ್ಕದಲ್ಲೇ ಓಡಾಡುತ್ತಿದ್ದ ಬಡಿಸುವವನ ಕಾಲು ಜಾರಿದರೆ ಹಂಡೆ ಉರುಳುತ್ತದೆ, ಉರುಳಿದರೆ ತರಕಾರಿ ಹೆಚ್ಚುತ್ತಿರುವ ಗಿರಿಜೆಯ ಮೇಲೇ. ಹಣೆಯ ಬೆವರೊರೆಸಿಕೊಂಡು ಅವಳು ಗಿರಿಜೆಯನ್ನು ಆಚೆ ಕೂರಿಸಿದಳು.

ಅವಳನ್ನು ಹೀಗೆ ಬೆಚ್ಚಿಸುತ್ತಿದ್ದುದು ಕಿವಿಯ ಹಿಂದೆ ಅಂಟಿಸಿದ್ದ, ಕಡಲೆಬೇಳೆಯಷ್ಟು ದೊಡ್ಡ ಯಂತ್ರ, ಭಯಬೋಧಕ. ಚದುರಂಗ ಕಲಿಯುವ ಆಸೆಯಿದ್ದೂ ಬಿಡುವಿಲ್ಲದ ದೊಡ್ಡವರಿಗೆಂದು ಡಾ. ತ್ರಿವಿಕ್ರಮ ಹೊಳ್ಳರು ಅದನ್ನು ರೂಪಿಸಿದ್ದರು. ದೊಡ್ಡವರು ತಮ್ಮ ನಡೆಯನ್ನಷ್ಟೇ ಯೋಚಿಸಿ, ಎದುರಾಳಿಯ ನಡೆಯನ್ನು ಮರೆತು ಸೋಲುತ್ತಾರೆ. ಈ ಯಂತ್ರ ಕಣ್ಣಿಗೆ ಕಂಡದ್ದನ್ನೆಲ್ಲ ಚದುರಂಗದ ಮಣೆಯಂತೆ ಓದಿ, ಬರಲಿರುವ ಅಪಾಯಕ್ಕೆ ಮಿದುಳಿನ ಭಯಕೇಂದ್ರವನ್ನು ಚಿವುಟುತ್ತಿತ್ತು. ಬೇರೆ ಅಭ್ಯಾಸವೇ ಬೇಡ. ಸಾರು ಕುದಿಸುತ್ತಲೇ ಕಲಿಯಬಹುದು.

"ಡಾಕ್ಟ್ರೇ, ರಸ್ತೆ ದಾಟಕ್ಕಾಗ್ತಿಲ್ಲ. ಗೋಡೆ ಮೇಲಿನ ಗಡಿಯಾರ ಕಂಡ್ರೂ ತಲೆ ಮೇಲೆ ಬೀಳತ್ತೆ ಅನ್ಸತ್ತೆ. ತೆಗೆದ್ಬಿಡಿ," ಎಂದು ಇಂದುಮತಿ ಗೋಗರೆದಳು.

"ಈಗ ತೆಗೆದ್ರೆ ಕಲ್ತದ್ದೆಲ್ಲ ಹೋಗತ್ತಮ್ಮ. ಕಾಯಿ ನಡೆಸೋದಷ್ಟೇ ನೆನಪಿರತ್ತೆ," ಎಂದರು ಹೊಳ್ಳರು. "ಭಾನುವಾರದವರೆಗೆ ತಡ್ಕೊಳ್ಳಿ."

ಭಾನುವಾರ ಮಗಳೊಡನೆ ಆಟವಿತ್ತು. ಹದಿನಾಲ್ಕರ ಮೇದಿನಿಗೆ ಚದುರಂಗವೆಂದರೆ ಪ್ರಾಣ. ಅಮ್ಮನೊಡನೆ ಮಾತ್ರ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಹಿಂದೆ ಎರಡು ಸಲ ಆಡಲು ಕೂತ ಇಂದುಮತಿ, ಸೋಲು ಹತ್ತಿರವಾಗುತ್ತಲೇ ಫೋನು ಬಂತೆಂದು ಎದ್ದು ಹೋಗಿದ್ದಳು. "ಇನ್ನೊಂದೇ ಸಲ ಆಟಕ್ಕೆ ಕರೀತೀನಿ. ಪೂರ್ತಿ ಆಡ್ಬೇಕು," ಎಂದಿದ್ದಳು ಮೇದಿನಿ. ಆ ಕೊನೆಯ ಕರೆಯೂ ಕೈತಪ್ಪಿದರೆ ಮಗಳೇ ಕೈತಪ್ಪುತ್ತಾಳೆಂದು ಇಂದುಮತಿಗೆ ಯಂತ್ರವಿಲ್ಲದೆಯೂ ಗೊತ್ತಿತ್ತು.

ಭಾನುವಾರ ಆಟ ಶುರುವಾಯಿತು. ಒಂದೊಂದು ನಡೆಗೂ ಎದೆ ಹಾರುತ್ತಿತ್ತು. ಹೆದರಿ ಹೆದರಿಯೇ ಅವಳು ಕಾಯಿಗಳನ್ನು ಉಳಿಸಿಕೊಂಡಳು. ನಡುವೆ ಭಯ ಥಟ್ಟನೆ ನಿಂತುಹೋಯಿತು. ಮೇದಿನಿ ರಾಣಿಯ ಮೇಲೆ ಬೆರಳಿಟ್ಟಿದ್ದಳು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮವನ್ನು ಅಮ್ಮನಿಗೆ ಹೇಳಿಕೊಟ್ಟವಳೇ ಅವಳು. ರಾಣಿ ಕದಲಿದರೆ ಮೇದಿನಿಯ ರಾಜನಿಗೆ ಕಾವಲಿಲ್ಲ, ಮುಂದಿನ ನಡೆಗೇ ಆಟ ಮುಗಿದಂತೆ. ಇಷ್ಟು ಚೆನ್ನಾಗಿ ಆಡುವವಳು ಇಂಥ ತಪ್ಪು ಮಾಡುತ್ತಾಳೆಯೇ?

ಇಂದುಮತಿ ತಲೆಯೆತ್ತಿದಳು. ಮಗಳ ತುಟಿ ಅದುರುತ್ತಿತ್ತು. ಕಣ್ಣು ಅಮ್ಮನ ಫೋನಿನ ಮೇಲಿತ್ತು. ಯಂತ್ರ ಹಿಂದೆಂದೂ ಇಲ್ಲದಷ್ಟು ಬಲವಾಗಿ ಚಿವುಟಿತು.

"ಬೇಕೂಂತ್ಲೇ ಸೋಲ್ತಿದ್ದೀಯೇನೇ?"

"ನೀನು ಸೋಲೋ ಹಾಗಾದ್ರೆ ಎದ್ದು ಹೋಗ್ತೀಯಲ್ಲ," ಎಂದಳು ಮೇದಿನಿ. "ಗೆದ್ರೆ ಕೂತಿರ್ತೀಯ ಅಂತ."

ಇಂದುಮತಿ ಕಿವಿಯ ಹಿಂದಿನ ಯಂತ್ರವನ್ನು ಕಿತ್ತು ಮೇಜಿನ ಮೇಲಿಟ್ಟಳು. "ನಡ್ಸು. ಮುಟ್ಟಿದ್ದೀಯಲ್ಲ."

ಮೇದಿನಿ ರಾಣಿಯನ್ನು ನಡೆಸಿದಳು. ಇಂದುಮತಿ ಮಣೆಯನ್ನೇ ದಿಟ್ಟಿಸಿದಳು. ಈಗಷ್ಟೇ ಕಂಡಿದ್ದ ಗೆಲುವಿನ ನಡೆ ಎಲ್ಲಿ ಹೋಯಿತೋ! ಏನೂ ತೋಚದೆ ಮೂಲೆಯ ಕಾಲಾಳನ್ನು ತಳ್ಳಿದಳು. ಮೇದಿನಿ ನಂಬಲಾರದೆ ನೋಡಿದಳು, ಆಮೇಲೆ ತಡೆಯಲಾರದೆ ನಕ್ಕಳು. ನಾಲ್ಕಾರು ನಡೆಗಳಲ್ಲಿ ಅಮ್ಮನ ರಾಜ ಸಿಕ್ಕಿಬಿದ್ದ.

ಸರಿಯಾಗಿ ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮೇದಿನಿಯ ನಗು ನಿಂತಿತು.

ಇಂದುಮತಿಯ ಎದೆ ಹೊಡೆದುಕೊಳ್ಳುತ್ತಿತ್ತು, ಯಂತ್ರವಿಲ್ಲದೆಯೇ. ಅವಳು ಫೋನಿನ ಕಡೆ ನೋಡಲಿಲ್ಲ. ಕುರ್ಚಿಯನ್ನು ಮಣೆಯ ಹತ್ತಿರಕ್ಕೆ ಎಳೆದುಕೊಂಡು, "ಎಲ್ಲಿ ತಪ್ಪಿದೆ, ತೋರ್ಸು," ಎಂದಳು.