ಲೊಬೆರಾ ಕಮರಿಯ ತಾಯಿಹಂದಿ

ಭಾನುವಾರ ಲೊಬೆರಾ ಕಮರಿಯ ಕಾಡುಹಂದಿಗಳನ್ನೆಲ್ಲ ಗುಂಡಿಟ್ಟು ಕೊಲ್ಲುವುದೆಂದು ತೀರ್ಮಾನವಾಗಿತ್ತು. ಒಂದನ್ನೂ ಬಿಡುವಂತಿರಲಿಲ್ಲ. ಸಿಯೆರಾ ಮೊರೆನಾ ಬೆಟ್ಟಸಾಲಿನ ಆ ಭಾಗದಲ್ಲಿ ಬೇಟೆಗೆ ಬಿದ್ದ ಹಂದಿಗಳನ್ನು ಸೀಳಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕ್ಷಯದ ಗಂಟುಗಳು ಸಿಗುತ್ತಿದ್ದವು. ಹಂದಿ ಹೊರಳಿದ ಮಡುವಿನಲ್ಲೇ ಆಡುಗಳೂ ನೀರು ಕುಡಿಯುತ್ತಿದ್ದವು. ರೋಗವನ್ನು ಬೇರುಸಹಿತ ಕಿತ್ತುಬಿಡೋಣ ಎಂದು ಕಾಡಿನ ಒಡೆಯರೂ ಅಧಿಕಾರಿಗಳೂ ಸಭೆ ಸೇರಿ ಕೈಯೆತ್ತಿದ್ದರು.

ಕೈಯೆತ್ತದವಳು ಪಶುವೈದ್ಯೆ ಅಂಪಾರೊ ಒಬ್ಬಳೇ. ಲೊಬೆರಾದಿಂದ ಬಂದ ಕೆಲವು ಹಂದಿಗಳಲ್ಲಿ ಅವಳಿಗೆ ಒಂದು ಗಂಟೂ ಸಿಕ್ಕಿರಲಿಲ್ಲ. ವಂಶ ಪರೀಕ್ಷಿಸಿ ನೋಡಿದರೆ ಅವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿ, ಮರಿಯಾಗಿದ್ದಾಗ ಅಂಪಾರೊಳೇ ಕಿವಿಗೆ ಹಳದಿ ಬಿಲ್ಲೆ ಚುಚ್ಚಿ ಬಿಟ್ಟಿದ್ದ ಹೆಣ್ಣು. ವರ್ಷಗಟ್ಟಲೆ ರೋಗಿಷ್ಠ ಹಂದಿಗಳ ಜತೆ ಅದೇ ಕೆಸರಿನಲ್ಲಿ ಬಿದ್ದು, ಅದೇ ಓಕ್ ಕಾಯಿ ತಿಂದು, ಅದು ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು. ರೋಗವನ್ನು ತಡೆಯುವ ಏನೋ ಒಂದು ಆ ವಂಶದ ರಕ್ತದಲ್ಲೇ ಇದೆ ಎಂಬುದು ಅಂಪಾರೊಳ ವಾದ. ರೋಗ ತಗುಲಿಲ್ಲ, ಅದೃಷ್ಟ ಅಷ್ಟೇ, ಎಂಬುದು ಮಿಕ್ಕವರ ವಾದ.

ಜಗಳ ಬಗೆಹರಿಯಬೇಕಾದರೆ ಬದುಕಿರುವ ತಾಯಿಯ ರಕ್ತ ಬೇಕು. ಕತ್ತಲಾಗುವುದರೊಳಗೆ ಅದು ನಗರದ ಪ್ರಯೋಗಾಲಯ ಮುಟ್ಟಬೇಕು. ಅದರೊಳಗಿನ ಜೀವಕೋಶಗಳನ್ನು ರೋಗಾಣುವಿನ ಎದುರು ಬಿಟ್ಟು, ಯಾರು ಗೆಲ್ಲುತ್ತಾರೆಂದು ನೋಡಬೇಕು. ಸತ್ತ ಹಂದಿಯ ಹೆಪ್ಪುಗಟ್ಟಿದ ರಕ್ತ ಈ ಕೆಲಸಕ್ಕೆ ಬಾರದು. ಸಭೆಯವರು ಒಂದು ಮಾತು ಕೊಟ್ಟಿದ್ದರು: ರಕ್ತ ಪ್ರಯೋಗಾಲಯ ಸೇರಿದರೆ ಫಲಿತಾಂಶ ಬರುವವರೆಗೆ ಬೇಟೆ ನಿಲ್ಲುತ್ತದೆ. ಇಲ್ಲದಿದ್ದರೆ ಭಾನುವಾರ ಗುಂಡು.

ಹಾಗಾಗಿ ಶುಕ್ರವಾರ ಬೆಳಗ್ಗೆ ಬೆಳ್ಳುಳ್ಳಿ ಹಾಕಿ ಹುರಿದ ರೊಟ್ಟಿಚೂರು ತಿಂದು ಮೂವರು ಕಮರಿಯ ಬಾಯಲ್ಲಿ ನಿಂತಿದ್ದರು. ಬೋನು ಇಟ್ಟು ನೋಡಿದ್ದಾಗಿತ್ತು, ತಾಯಿಹಂದಿ ಮೂಸಿ ಹೋಗಿತ್ತು. ಮತ್ತಿನ ಸೂಜಿ ಹಾರಿಸಿದ್ದಾಗಿತ್ತು, ಚುಚ್ಚಿಸಿಕೊಂಡು ಪೊದೆ ಹೊಕ್ಕಿದ್ದು ಮತ್ತೆ ಸಿಕ್ಕಿರಲಿಲ್ಲ. ಇನ್ನುಳಿದದ್ದು ನಾಯಿಗಳು.

ನಾಯಿಗಳು ಫೆರ್ಮಿನ್‌ನವು. ಬೇಟೆಗಾರರ ಮುಂದೆ ಪೊದೆ ಜಾಲಾಡಿ ಹಂದಿ ಎಬ್ಬಿಸುವುದು ಅವನ ಕಸುಬು. ನಾಯಿಗಳು ಹಂದಿಯನ್ನು ಕಚ್ಚಿ ಹಿಡಿದರೆ ಓಡಿಹೋಗಿ ಹಿಂಗಾಲೆತ್ತಿ, ಮುಂಗಾಲ ಹಿಂದೆ ಕತ್ತಿ ತೂರಿಸಿ ಮುಗಿಸುವವನೂ ಅವನೇ. ದಾರಿ ತೋರಿಸಲು ಬಂದವಳು ಕಾಸಿಲ್ದಾ, ಅದೇ ಊರಿನ ಆಡು ಕಾಯುವ ವಿಧವೆ. ಮೂರು ವರ್ಷದ ಹಿಂದೆ ಅವಳ ಹಿಂಡಿಗೆ ಕ್ಷಯ ಹತ್ತಿತೆಂದು ಅಷ್ಟೂ ಆಡುಗಳನ್ನು ಲಾರಿಗೆ ಹತ್ತಿಸಿ ಕಸಾಯಿಖಾನೆಗೆ ಒಯ್ದಿದ್ದರು. ಅಂದಿನಿಂದ ಹಂದಿ ಎಂದರೆ ಅವಳ ಮೈ ಉರಿಯುತ್ತಿತ್ತು.

"ಮತ್ಯಾಕೆ ಬಂದೆ?" ಅಂಪಾರೊ ನೇರವಾಗಿಯೇ ಕೇಳಿದಳು.

"ನನ್ನ ಆಡುಗಳನ್ನ ತಿಂದವಳ ಮುಖ ಒಂದ್ಸಲ ನೋಡ್ಬೇಕಿತ್ತು," ಎಂದಳು ಕಾಸಿಲ್ದಾ. ಆಮೇಲೆ ಫೆರ್ಮಿನ್‌ನ ಸೊಂಟ ನೋಡಿ, "ಕತ್ತಿ ಎಲ್ಲೋ?"

"ಮನೇಲಿ ಬಿಟ್ಟೆ. ಸೊಂಟದಲ್ಲಿದ್ರೆ ಕೈ ನನ್ನ ಮಾತು ಕೇಳಲ್ಲ, ತಾನಾಗೇ ಹೋಗಿಬಿಡುತ್ತೆ."

"ಕತ್ತಿ ಇಲ್ದೆ ಮದುವೆಗೆ ಹೊರಟವನ ಥರ ಕಾಣ್ತೀಯ."

"ನೀನು ಹೂಂ ಅಂದ್ರೆ ಆಯ್ತು, ಹೊರಟೇಬಿಡ್ತೀನಿ."

"ಥೂ, ನಿನ್ನ ನಾಯಿಗಳೇ ನಿನ್ನ ಪಕ್ಕ ಮಲಗಲ್ಲ!"

ಇಳಿಜಾರಿನ ತುಂಬ ಹಾರಾ ಪೊದೆ ಎದೆಮಟ್ಟ ಬೆಳೆದಿತ್ತು. ಅದರ ಅಂಟು ಎಲೆಗಳು ಬಟ್ಟೆಗೆ, ಕೂದಲಿಗೆ, ರೆಪ್ಪೆಗೂ ಮೆತ್ತಿಕೊಂಡು ಘಾಟು ಬೀರುತ್ತಿದ್ದವು. ಕೆಳಗೆ ಬಂದಂತೆ ಪೊದೆ ತೆಳುವಾಗಿ, ಮುರುಟಿದ ಓಕ್ ಮರಗಳೂ ನಡುವೆ ಬೂದು ಬಣ್ಣದ ಕಲ್ಲುರಾಶಿಗಳೂ ಕಂಡವು. ಬೇಸಗೆ ಮುಗಿದು ಎಷ್ಟೋ ದಿನವಾದರೂ ಮಳೆ ಬಿದ್ದಿರಲಿಲ್ಲ. ಹಳ್ಳವೆಲ್ಲ ಒಣಗಿ, ಬಂಡೆಯ ಬುಡದಲ್ಲಿ ಒಂದೇ ಒಂದು ಮಡು ಉಳಿದಿತ್ತು. ಅದರ ಸುತ್ತಲಿನ ಕೆಸರನ್ನು ಹಂದಿಗಳು ಉತ್ತು ಹಾಕಿದ್ದವು.

ಫೆರ್ಮಿನ್ ನಾಯಿಗಳನ್ನು ಬಿಟ್ಟ. ದೂರ ನಿಂತು ಬೊಗಳಿ ತಡೆಯುವಂಥವನ್ನೇ ಆರಿಸಿ ತಂದಿದ್ದ, ತ್ರಾಬುಕೊ ಎಂಬುದೊಂದನ್ನು ಹೊರತುಪಡಿಸಿ. ತ್ರಾಬುಕೊ ಹಿಡಿದದ್ದನ್ನು ಬಿಡುವ ಜಾತಿಯದಲ್ಲ. "ಒಳ್ಳೇ ನಾಯಿ ಇಲ್ದೆ ಕಾಡಿಗೆ ಹೆಂಗೆ ಬರೋದು? ನಾನು ಹೇಳದೆ ಅದು ಬಾಯಿ ಹಾಕಲ್ಲ," ಎಂದಿದ್ದ.

ಸ್ವಲ್ಪ ಹೊತ್ತು ನಾಯಿಗಳ ಕೊರಳಗಂಟೆಗಳ ಸದ್ದು ಮಾತ್ರ ಕೇಳಿಸಿತು. ಆಮೇಲೆ ಒಮ್ಮೆಲೇ ಬೊಗಳಾಟ.

ಓಡಿದರು.

ತಾಯಿಹಂದಿ ಮಡುವಿನೊಳಗೆ, ಬಂಡೆಗೆ ಬೆನ್ನು ಕೊಟ್ಟು ನಿಂತಿತ್ತು. ಕಿವಿಯಲ್ಲಿ ಹಳದಿ ಬಿಲ್ಲೆ. ಬೆನ್ನಿನ ಕೂದಲು ನಿಮಿರಿ, ಹಲ್ಲು ಕಟಕಟ ಎನ್ನುತ್ತಿತ್ತು. ನಾಯಿಗಳು ಅರೆವೃತ್ತವಾಗಿ ನಿಂತು ಬೊಗಳುತ್ತಿದ್ದವು. ಎಲ್ಲವೂ ಅಂದುಕೊಂಡಂತೆಯೇ ನಡೆದಿತ್ತು. ಫೆರ್ಮಿನ್ ಪಕ್ಕದಿಂದ ನುಸುಳಿ ಹಿಂಗಾಲು ಹಿಡಿಯಬೇಕು, ಅಂಪಾರೊ ಸೂಜಿ ಚುಚ್ಚಬೇಕು.

ಆದರೆ ಫೆರ್ಮಿನ್ ಹುಟ್ಟಾ ನಾಯಿಕಾರ. ಇಷ್ಟು ಚೆಂದವಾಗಿ ಹಂದಿ ತಡೆದ ತನ್ನ ನಾಯಿಗಳನ್ನು ಕಂಡು ಅವನ ಎದೆ ಉಬ್ಬಿತು. ಪ್ರತಿ ಬೇಟೆಯಲ್ಲೂ ಕೂಗುವಂತೆ, ಯೋಚನೆಯೇ ಇಲ್ಲದೆ, ಗಂಟಲು ಬಿರಿಯುವಂತೆ ಕೂಗಿಬಿಟ್ಟ: "ಭಲೇ ನನ್ನ ಹುಲಿಗಳಾ! ಹಾಂ!"

ನಾಯಿಗಳಿಗೆ ಆ ಕೂಗಿಗೆ ಒಂದೇ ಅರ್ಥ. ಹಿಡಿ.

ಕತ್ತಿಯನ್ನು ಮನೆಯಲ್ಲಿ ಬಿಟ್ಟು ಬಂದವನು ನಾಲಿಗೆಯನ್ನು ಬಿಟ್ಟು ಬಂದಿರಲಿಲ್ಲ.

ತ್ರಾಬುಕೊ ಹಾರಿ ಹಂದಿಯ ಕಿವಿಗೆ ಬಾಯಿ ಹಾಕಿತು. ಮಿಕ್ಕವು ಮೈಮೇಲೆ ಬಿದ್ದವು. ನೀರು ಕೆಂಪಾಯಿತು.

"ಬಿಡ್ಸೋ! ಸತ್ತೋಗುತ್ತೆ!" ಅಂಪಾರೊ ಚೀರಿದಳು.

ಫೆರ್ಮಿನ್ ತನ್ನನ್ನೇ ಬೈದುಕೊಳ್ಳುತ್ತ ನೀರಿಗೆ ಧುಮುಕಿ ತ್ರಾಬುಕೊನ ಕೊರಳಪಟ್ಟಿ ಎಳೆದ. ನಾಯಿ ಬಿಡಲಿಲ್ಲ. ಹಂದಿ ತಲೆ ಕೊಡವಿ ಅವನ ಮುಂಗೈಗೇ ಬಾಯಿ ಹಾಕಿತು. ಹೆಣ್ಣುಹಂದಿ ಗಂಡಿನಂತೆ ಕೋರೆಯಿಂದ ಸೀಳುವುದಿಲ್ಲ, ಕಚ್ಚಿ ಹರಿಯುತ್ತದೆ.

ಕಾಸಿಲ್ದಾ ದಡದಲ್ಲಿ ನಿಂತಿದ್ದಳು. ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಅವಳು ಮೂರು ವರ್ಷದಿಂದ ಬಯಸಿದ್ದು ಕಣ್ಣೆದುರೇ ಆಗುತ್ತಿತ್ತು. ಆಗ ಬಂಡೆಯ ಸಂದಿನಲ್ಲಿ ಒತ್ತಿಕೊಂಡು ನಡುಗುತ್ತಿದ್ದ ಮರಿಗಳು ಅವಳ ಕಣ್ಣಿಗೆ ಬಿದ್ದವು.

"ಹಾಳಾಗಿ ಹೋಗ್ಲಿ!" ಎಂದು ಅವಳು ಹೆಗಲ ಮೇಲಿನ ದಪ್ಪ ಕಂಬಳಿ ಕಿತ್ತುಕೊಂಡು ಮೊಣಕಾಲುಮಟ್ಟದ ನೀರಿಗೆ ಇಳಿದಳು. ಕಂಬಳಿಯನ್ನು ಹಂದಿಯ ತಲೆಗೆ ಎಸೆದು, ಅದರ ಮೇಲೆಯೇ ಬಿದ್ದು ಅವುಚಿ ಹಿಡಿದಳು. ಕಣ್ಣು ಕತ್ತಲಾದ ಹಂದಿ ಒಂದು ಕ್ಷಣ ಸ್ತಬ್ಧವಾಯಿತು. ಫೆರ್ಮಿನ್‌ನ ಕೈ ಬಿಟ್ಟಿತು.

"ಕಾಲು ಹಿಡಿಯೋ, ಬಾಯಿಬಡುಕಾ!"

ಫೆರ್ಮಿನ್ ತ್ರಾಬುಕೊನ ದವಡೆಗೆ ಕೋಲು ತೂರಿಸಿ ಬಿಡಿಸಿದ. ಮಿಕ್ಕ ನಾಯಿಗಳನ್ನು ಗದರಿಸಿ ದಡ ಹತ್ತಿಸಿದ. ರಕ್ತ ಸುರಿಯುವ ಕೈಯಲ್ಲೇ ಹಿಂಗಾಲೆರಡನ್ನೂ ಎತ್ತಿ ಹಿಡಿದ. ಅಂಪಾರೊ ಮತ್ತಿನ ಸೂಜಿ ಚುಚ್ಚಿದಳು. ಹಂದಿ ಜೋಲುವವರೆಗೆ ಮೂವರೂ ಹಲ್ಲು ಕಚ್ಚಿ ಹಿಡಿದುಕೊಂಡರು. ಆಮೇಲೆ ಅದನ್ನು ದಡಕ್ಕೆ ಎಳೆದರು. ಅಂಪಾರೊ ಎದೆಯ ಬುಡದ ರಕ್ತನಾಳ ಹುಡುಕಿದಳು. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ನಳಿಕೆ ತುಂಬಿತು, ಕಡುಗೆಂಪಾಗಿ, ಬಿಸಿಬಿಸಿಯಾಗಿ. ಅವಳ ಕಣ್ಣಲ್ಲಿ ನೀರು ಬಂತು.

ಹಂದಿಯ ಹರಿದ ಕಿವಿ ಹೊಲಿದರು. ಮತ್ತಿಳಿದು ಅದು ತೂರಾಡುತ್ತ ಎದ್ದು ಮರಿಗಳ ಕಡೆ ಹೋಗುವವರೆಗೆ ಬಿಟ್ಟು ಬರುವಂತಿರಲಿಲ್ಲ. ಅಷ್ಟರಲ್ಲಿ ಸೂರ್ಯ ವಾಲಿದ್ದ.

"ಬಂದ ದಾರೀಲಿ ಹೋದ್ರೆ ಕತ್ತಲಾಗುತ್ತೆ. ಕಲ್ಲುರಾಶಿ ಮೇಲೆ ಹತ್ತೋಣ," ಎಂದಳು ಕಾಸಿಲ್ದಾ.

"ಅದು ಆಡಿನ ದಾರಿ!"

"ನನಗೂ ಅದೇ ದಾರಿ."

ಫೆರ್ಮಿನ್ ಗಾಯಗೊಂಡ ತ್ರಾಬುಕೊನನ್ನು ಹೆಗಲ ಮೇಲೆ ಹೊತ್ತುಕೊಂಡ. ಅಂಪಾರೊ ತಂಪುಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡಳು. ಅರ್ಧ ಹತ್ತಿದಾಗ ಅವಳ ಕಾಲಡಿಯ ಕಲ್ಲು ಜಾರಿತು. ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಇಳಿಜಾರು ಗರಗರ ಸದ್ದು ಮಾಡುತ್ತ ಹೊರಟಿತು. ಅಂಪಾರೊ ಒಂದು ಕೈಯಲ್ಲಿ ಮರದ ಬೇರು ಹಿಡಿದು ಜೋತುಬಿದ್ದಳು.

ಮೇಲಿನಿಂದ ಕಾಸಿಲ್ದಾ ಹೊಟ್ಟೆಯಡಿಯಾಗಿ ಮಲಗಿ ಕೈ ಚಾಚಿದಳು. "ಮೊದ್ಲು ಪೆಟ್ಟಿಗೆ ಕೊಡು!"

"ಡಾಕ್ಟ್ರಮ್ಮಂಗಿಂತ ಪೆಟ್ಟಿಗೆ ಹೆಚ್ಚಾಯ್ತೇನೆ?" ಫೆರ್ಮಿನ್ ಕಿರುಚಿದ.

"ಎರಡು ಕೈ ಖಾಲಿ ಇದ್ರೆ ಅವಳೇ ಹತ್ತುತ್ತಾಳೆ. ಕೊಡು ಮಗಳೇ, ಕೊಡು!"

ಪೆಟ್ಟಿಗೆ ಮೇಲೆ ಹೋಯಿತು. ಅದರ ಹಿಂದೆಯೇ ಅಂಪಾರೊ, ಮೊಣಕಾಲು ತರಚಿಕೊಂಡು, ಹತ್ತಿದಳು.

ಬೆಳಕು ಆರುವ ಹೊತ್ತಿಗೆ ಅವರ ಜೀಪು ಪ್ರಯೋಗಾಲಯದ ಮುಂದೆ ನಿಂತಿತು. ಕೆಸರು, ರಕ್ತ, ಹಾರಾ ಅಂಟು ಮೆತ್ತಿದ ಮೂವರನ್ನು ನೋಡಿ ಕಾವಲುಗಾರ ಮೊದಲು ಪೊಲೀಸರಿಗೆ ಫೋನ್ ಮಾಡಲು ಹೊರಟಿದ್ದ. ಆ ಭಾನುವಾರ ಲೊಬೆರಾದಲ್ಲಿ ಗುಂಡಿನ ಸದ್ದು ಕೇಳಲಿಲ್ಲ.

ಫಲಿತಾಂಶ ಬಂದ ದಿನ ಅಂಪಾರೊ ನೇರವಾಗಿ ಕಾಸಿಲ್ದಾಳ ದೊಡ್ಡಿಗೆ ಹೋದಳು. ಫೆರ್ಮಿನ್ ಕೈಗೆ ಪಟ್ಟಿ ಸುತ್ತಿಕೊಂಡು ಅಲ್ಲೇ ಗೋಡೆಯ ಮೇಲೆ ಕೂತಿದ್ದ.

"ಅದೃಷ್ಟ ಅಲ್ಲ. ಅದರ ಮೈಯೊಳಗೆ ರೋಗ ಹೊಕ್ಕ ಗುರುತಿದೆ. ಹೊಕ್ಕು ಸೋತಿದೆ," ಎಂದಳು ಅಂಪಾರೊ. "ಅದರ ಕೋಶಗಳು ರೋಗಾಣುನ ನುಂಗಿ ಹಾಕಿದ್ವು. ಆ ಶಕ್ತಿ ತಾಯಿಯಿಂದ ಮಕ್ಕಳಿಗೂ ಇಳಿದಿದೆ. ಬೇಟೆ ರದ್ದಾಯ್ತು. ಇನ್ಮೇಲೆ ಒಂದೊಂದನ್ನೇ ಹಿಡಿದು ನೋಡಬೇಕಂತೆ."

ಫೆರ್ಮಿನ್ ಕೂಗಲು ಬಾಯಿ ತೆರೆದ. ಕಾಸಿಲ್ದಾ ಒಮ್ಮೆ ನೋಡಿದಳು, ಮುಚ್ಚಿಕೊಂಡ.

ಅವಳು ಹೊಸದಾಗಿ ಕಟ್ಟಿಕೊಂಡ ಆಡುಗಳ ಕಡೆ ತಿರುಗಿದಳು. ಆಮೇಲೆ ಕೇಳಿದಳು. "ಹಾಗಾದ್ರೆ ನನ್ನ ಹಳೇ ಹಿಂಡಲ್ಲೂ ಅಂಥದ್ದೊಂದು ಇದ್ದಿರಬಹುದಿತ್ತು, ಅಲ್ವಾ? ಆ ಲಾರೀಲಿ?"

ಅಂಪಾರೊಗೆ ಸುಳ್ಳು ಹೇಳಲು ಆಗಲಿಲ್ಲ. "ಇದ್ದಿರಬಹುದು, ಕಾಸಿಲ್ದಾ. ಆಗ ಯಾರೂ ನೋಡ್ಲಿಲ್ಲ."

ಕಾಸಿಲ್ದಾ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡಳು. ದೊಡ್ಡಿಯ ಬಾಗಿಲು ತೆಗೆದು, ಎದುರು ಬಂದ ಮೊದಲ ಆಡಿನ ಕೊಂಬು ಹಿಡಿದು ತನ್ನ ಮೊಣಕಾಲಿಗೆ ಒತ್ತಿಕೊಂಡಳು.

"ಸೂಜಿ ತಂದಿದೀಯಾ? ಇದ್ರಿಂದ ಶುರು ಮಾಡು."